ಗ್ರೂಪಿಗೆ ಬಂದ ಅನ್ನಾ ಓ

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಹಳೆಯ ವಿದ್ಯಾರ್ಥಿಗಳ ಗ್ರೂಪ್, ಭಾನುವಾರ ಬೆಳಿಗ್ಗೆ

ಗಿರೀಶ (ಫಾರ್ವರ್ಡ್): ಜರ್ಮನಿಯಲ್ಲಿ ಬರ್ತಾ ಪಾಪನ್‌ಹೈಮ್ ಎಂಬ ಯಹೂದಿ ಹುಡುಗಿ ಇದ್ದಳು. ಕೈ ಎತ್ತಲು ಆಗುತ್ತಿರಲಿಲ್ಲ, ನೀರು ಕುಡಿಯಲು ಆಗುತ್ತಿರಲಿಲ್ಲ. ಡಾಕ್ಟರ್ ಫ್ರಾಯ್ಡ್ ದಿನವೂ ಪಕ್ಕ ಕೂತು ಅವಳ ಮಾತು ಕೇಳಿದರು. ಒಂದು ಮಾತ್ರೆಯೂ ಇಲ್ಲದೆ ಪೂರ್ತಿ ಗುಣವಾದಳು!! ಮುಂದೆ ಅನಾಥರ ತಾಯಿಯಾದಳು. ಕೊನೆಗೆ ಹಿಟ್ಲರನ ಗ್ಯಾಸ್ ಚೇಂಬರಿನಲ್ಲಿ ಪ್ರಾಣ ಬಿಟ್ಟಳು. ಮನಸ್ಸು ಬಿಚ್ಚಿ ಮಾತಾಡಿ, ಆರೋಗ್ಯವಾಗಿರಿ. ಹತ್ತು ಜನರಿಗೆ ಕಳಿಸಿ.

ರೇಖಾ: ತುಂಬಾ ಚೆನ್ನಾಗಿದೆ ಗಿರೀಶ್. ನಮ್ಮ ಕೌನ್ಸೆಲಿಂಗ್ ಸೆಂಟರ್ ಸ್ಟೇಟಸ್‌ಗೆ ಹಾಕುತ್ತೇನೆ.

ವಸುಧಾ: ಹಾಕಬೇಡ ಮಾರಾಯ್ತಿ. ಅದರಲ್ಲಿ ಸರಿ ಇರೋದು ಹೆಸರು, ಕೈ ಮತ್ತು ನೀರು, ಅಷ್ಟೇ.

ಗಿರೀಶ: ಭಾನುವಾರ ಬೆಳಿಗ್ಗೆ ಶುರುವಾಯಿತು ಪಾಠ.

ವಸುಧಾ: ಆಗಲಿ, ಕೇಳು. ಹುಟ್ಟಿದ್ದು ಜರ್ಮನಿಯಲ್ಲಿ ಅಲ್ಲ, ವಿಯೆನ್ನಾದಲ್ಲಿ, 1859ರಲ್ಲಿ. ನೋಡಿದ ಡಾಕ್ಟರ್ ಫ್ರಾಯ್ಡ್ ಅಲ್ಲ, ಯೋಸೆಫ್ ಬ್ರಾಯರ್. ಅಪ್ಪ ಕಾಯಿಲೆ ಬಿದ್ದರು, 1880ರಲ್ಲಿ. ಹಗಲು ರಾತ್ರಿ ಆರೈಕೆ ಮಾಡುತ್ತಾ ಇವಳೇ ಹಾಸಿಗೆ ಹಿಡಿದಳು. ಬಲಗೈ ಸ್ವಾಧೀನ ತಪ್ಪಿತು, ಜರ್ಮನ್ ಮಾತೇ ಬಾಯಿಗೆ ಬರದೆ ಬರೀ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು, ಬಾಯಾರಿದರೂ ಲೋಟ ತುಟಿಗೆ ತಾಗಿದ ಕೂಡಲೇ ತಳ್ಳಿಬಿಡುತ್ತಿದ್ದಳು. ನಾಯಿಯೊಂದು ಲೋಟದಲ್ಲಿ ನೀರು ಕುಡಿದದ್ದನ್ನು ನೋಡಿದ್ದನ್ನು ಹೇಳಿಕೊಂಡ ಮೇಲೆ ನೀರು ಒಳಗೆ ಹೋಯಿತು ಅಂತ ಬ್ರಾಯರ್ ಬರೆದಿದ್ದಾರೆ. ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ 1895ರಲ್ಲಿ ಪುಸ್ತಕ ತಂದಾಗ ಅವಳನ್ನು 'ಅನ್ನಾ ಓ' ಅಂತ ಕರೆದರು. ಆದರೆ ಗುಣವಾದಳು ಅಂತ ಪುಸ್ತಕ ಹೇಳುವ ಹೊತ್ತಿಗೆ ಅವಳು ಸ್ವಿಟ್ಜರ್ಲೆಂಡಿನ ಕ್ರಾಯ್ತ್ಸ್‌ಲಿಂಗನ್ ಸ್ಯಾನಟೋರಿಯಂನಲ್ಲಿ ಇದ್ದು, ಆಮೇಲೂ ಮತ್ತೆ ಮತ್ತೆ ಸ್ಯಾನಟೋರಿಯಂ ಸೇರಿ ಬಂದಾಗಿತ್ತು. ಮಾತ್ರೆ ಇಲ್ಲದೆ ಅಂತೆ! ನೋವಿಗೆ ಕೊಟ್ಟ ಮಾರ್ಫಿನ್ನಿಗೇ ದಾಸಳಾಗಿದ್ದಳು ಪಾಪ. ಆ ಸ್ಯಾನಟೋರಿಯಂ ದಾಖಲೆ ಹೊರಗೆ ಬಂದದ್ದು 1970ರ ದಶಕದಲ್ಲಿ.

ರೇಖಾ: ಹಾಗಾದರೆ ಟಾಕಿಂಗ್ ಕ್ಯೂರ್, ಮಾತಾಡಿಸಿಯೇ ಗುಣಪಡಿಸೋದು, ಸುಳ್ಳಾ? ನಾನು ಹೊಟ್ಟೆ ಹೊರೆಯುವುದೇ ಅದರಲ್ಲಿ.

ವಸುಧಾ: ಆ ಹೆಸರು ಇಟ್ಟವಳೇ ಅವಳು, ಡಾಕ್ಟರ್ ಅಲ್ಲ. ಮಾತಾಡಿದಾಗ ಹಗುರವಾಗುತ್ತಿತ್ತು, ಅದು ನಿಜ. ಪೂರ್ತಿ ವಾಸಿಯಾದಳು ಅನ್ನೋದು ಕಥೆ. ತಮಾಷೆ ಏನು ಗೊತ್ತಾ, ಮುಂದೆ ತಾನೇ ಹಾಸ್ಟೆಲ್ ನಡೆಸುವಾಗ ತನ್ನ ಹುಡುಗಿಯರಿಗೆ ಸೈಕೋಅನಾಲಿಸಿಸ್ (ಫ್ರಾಯ್ಡ್ ಬೆಳೆಸಿದ ಮನೋವಿಶ್ಲೇಷಣೆ) ಬೇಡವೇ ಬೇಡ ಅಂದುಬಿಟ್ಟಳು. ಜೊತೆಯವರಿಗೆ ಯಾಕೆ ಅಂತ ಗೊತ್ತಿರಲಿಲ್ಲ. ಅನ್ನಾ ಓ ಅಂದರೆ ಇವಳೇ ಅಂತ ಲೋಕಕ್ಕೆ ತಿಳಿದದ್ದೇ 1953ರಲ್ಲಿ, ಸತ್ತು ಎಷ್ಟೋ ವರ್ಷ ಆದ ಮೇಲೆ.

ಗಿರೀಶ: ಸರಿ ಡಾಕ್ಟರ್ ಹೆಸರು ತಪ್ಪಿರಬಹುದು. ಸಾರಾಂಶ ಒಂದೇ ತಾನೇ? ಒಳ್ಳೆ ಸಂದೇಶ. ಎಲ್ಲದರಲ್ಲೂ ಕಲ್ಲು ಹುಡುಕಬಾರದು.

ವಸುಧಾ: ಸಾರಾಂಶವೇ ತಪ್ಪು, ಅದಕ್ಕೇ ಜಗಳ. ಆ ಮೆಸೇಜಿನಲ್ಲಿ ಅವಳು ಮೊದಲು ಒಬ್ಬ ಡಾಕ್ಟರ ಪೇಶೆಂಟ್, ಕೊನೆಗೆ ಹಿಟ್ಲರನ ಬಲಿ. ಎರಡು ಕಡೆಯೂ ಅವಳಿಗೆ ಯಾರೋ ಏನೋ ಮಾಡಿದರು. ನಡುವಿನ 48 ವರ್ಷ ಅವಳು ಮಾಡಿದ್ದು 'ಅನಾಥರ ತಾಯಿಯಾದಳು' ಅಂತ ಎರಡು ಪದ! ನಾವು ಓದಿದ ವಿಷಯವೇ ಆ 48 ವರ್ಷ ಕಣೋ.

ಶೈಲಾ: ಗುಡ್ ಮಾರ್ನಿಂಗ್ ಎಲ್ಲರಿಗೂ. ಫ್ರಾಂಕ್‌ಫರ್ಟಿನಿಂದ ನಾನು ಬಾಯಿ ಹಾಕಬಹುದಾ? ಅವರ ಮನೆ ಇಲ್ಲೇ ಪಕ್ಕದ ನಾಯ್-ಈಸನ್‌ಬುರ್ಗಿನಲ್ಲಿ. ಈಗ ಸ್ಮಾರಕ ಮಾಡಿದ್ದಾರೆ. ಗ್ಯಾಸ್ ಚೇಂಬರ್ ಅನ್ನೋದು ಶುದ್ಧ ಸುಳ್ಳು. 1936ರ ಮೇ 28ಕ್ಕೆ ಕ್ಯಾನ್ಸರಿನಿಂದ ಅದೇ ಮನೆಯಲ್ಲಿ ತೀರಿಕೊಂಡರು. ಆಗ ಗ್ಯಾಸ್ ಚೇಂಬರ್‌ಗಳೇ ಇರಲಿಲ್ಲ. ರಾಟ್-ಬೈಲ್ ರಸ್ತೆಯ ಯಹೂದಿ ಸ್ಮಶಾನದಲ್ಲಿ ಅಮ್ಮನ ಪಕ್ಕ ಮಣ್ಣು ಮಾಡಿದ್ದಾರೆ. ಬಂದವರು ಒಂದೊಂದು ಸಣ್ಣ ಕಲ್ಲು ಇಟ್ಟು ಹೋಗಲಿ ಅಂತ ಅವರೇ ಬರೆದಿಟ್ಟಿದ್ದರು. ಹೂವಲ್ಲ, ಕಲ್ಲು.

ಮಹಾದೇವಪ್ಪ: ಏನು ಮಾಡಿದರು ಅಂತ ಯಾರಾದರೂ ಚುಟುಕಾಗಿ ಹೇಳಿ. ಡ್ಯೂಟಿಯಲ್ಲಿದ್ದೇನೆ.

ವಸುಧಾ: ಚುಟುಕಾಗಿ ಆಗಲ್ಲ, ಆದರೂ ನೋಡೋಣ. 1888ರಲ್ಲಿ ಅಮ್ಮನ ಜೊತೆ ಅಮ್ಮನ ಊರು ಫ್ರಾಂಕ್‌ಫರ್ಟಿಗೆ ಬಂದಳು. ದೊಡ್ಡ ಸಾಹುಕಾರ ಸಂಪ್ರದಾಯಸ್ಥ ಮನೆತನ. ಇವಳಿಗೆ 16ಕ್ಕೇ ಸ್ಕೂಲು ಬಿಡಿಸಿದ್ದರು. ಒಂದೂವರೆ ವರ್ಷ ಚಿಕ್ಕವನಾದ ತಮ್ಮ ಮಾತ್ರ ಓದು ಮುಂದುವರಿಸಿದ, ಇವಳು ಹೊಲಿಗೆ ಹಾಕುತ್ತಾ ಗಂಡಿಗೆ ಕಾಯಬೇಕಿತ್ತು. ಆ ಸಿಟ್ಟು ಕೊನೆವರೆಗೂ ಇತ್ತು ಅಂತ ನನ್ನ ಅನಿಸಿಕೆ. ಫ್ರಾಂಕ್‌ಫರ್ಟಿನಲ್ಲಿ ಮೊದಲು ಬಡವರ ಗಂಜಿ ಕೇಂದ್ರದಲ್ಲಿ ಬಡಿಸಿದಳು, ಆಮೇಲೆ ಯಹೂದಿ ಹೆಣ್ಣುಮಕ್ಕಳ ಅನಾಥಾಲಯ ನೋಡಿಕೊಂಡಳು. ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಮಹಿಳಾ ಹಕ್ಕಿನ ಬಗ್ಗೆ ಬರೆದದ್ದನ್ನು 1899ರಲ್ಲಿ ಜರ್ಮನ್‌ಗೆ ತಂದಳು, ಅದೂ ಗಂಡಸಿನ ಹೆಸರಿನ ಥರ ಕೇಳಿಸುವ ಪಿ. ಬೆರ್ಟೋಲ್ಡ್ ಅನ್ನೋ ಹೆಸರಿನಲ್ಲಿ. 1904ರಲ್ಲಿ ಯಹೂದಿ ಮಹಿಳಾ ಒಕ್ಕೂಟ ಕಟ್ಟಿ 20 ವರ್ಷ ಅಧ್ಯಕ್ಷೆಯಾಗಿದ್ದಳು. ಒಕ್ಕೂಟಕ್ಕೆ ಉತ್ತುಂಗದಲ್ಲಿ ಸುಮಾರು 50 ಸಾವಿರ ಸದಸ್ಯರು. ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಕಮಿಟಿಗಳಲ್ಲಿ ಹೆಂಗಸರಿಗೂ ವೋಟು ಬೇಕು ಅಂತ ಗಂಡಸರ ಜೊತೆ ವರ್ಷಗಟ್ಟಲೆ ಗುದ್ದಾಟ. 1907ರಲ್ಲಿ ನಾಯ್-ಈಸನ್‌ಬುರ್ಗ್ ಮನೆ ತೆರೆದಳು, ಮದುವೆ ಆಗದೆ ಬಸುರಿಯಾದವರಿಗೆ, ಅವರ ಮಕ್ಕಳಿಗೆ, ಬೀದಿಗೆ ಬೀಳಬಹುದಾದ ಹುಡುಗಿಯರಿಗೆ. ಆ ಕಾಲದಲ್ಲಿ ಅಂಥ ಯಹೂದಿ ಹುಡುಗಿಗೆ ಸ್ವಂತ ಸಮಾಜದಲ್ಲಿ ಬಾಗಿಲು ಇರಲಿಲ್ಲ. 'ನಮ್ಮಲ್ಲಿ ಅಂಥವರಿಲ್ಲ' ಅನ್ನುತ್ತಿದ್ದರು. ಕೇಳಿದ್ದೀರಲ್ವಾ ಈ ಡೈಲಾಗ್?

ಮಹಾದೇವಪ್ಪ: ಇದು ನನ್ನ ಆಫೀಸಿನಲ್ಲಿ ದಿನಾ ಕೇಳುವ ಡೈಲಾಗ್.

ವಸುಧಾ: ಇನ್ನೊಂದು ಇದೆ. ಗಲಿಷಿಯಾ. ಈಗ ಪೋಲೆಂಡ್, ಯುಕ್ರೇನ್ ಹಂಚಿಕೊಂಡಿರುವ ಜಾಗ, ಆಗ ಆಸ್ಟ್ರಿಯಾದ ಕೈಕೆಳಗೆ. ಯಹೂದಿಗಳಲ್ಲಿ ಕಡುಬಡತನ. ಸೂಟು ಹಾಕಿದವನೊಬ್ಬ ಬರುತ್ತಾನೆ, ವರದಕ್ಷಿಣೆ ಬೇಡ ಅನ್ನುತ್ತಾನೆ, ಧರ್ಮದ ಪ್ರಕಾರ ಗುಟ್ಟಾಗಿ ಮದುವೆ ಆಗುತ್ತದೆ, ಸರ್ಕಾರದಲ್ಲಿ ರಿಜಿಸ್ಟರ್ ಇಲ್ಲ. ಹುಡುಗಿ ಹಡಗು ಹತ್ತುತ್ತಾಳೆ. ಬ್ಯೂನಸ್ ಐರಿಸ್‌ನಲ್ಲೋ ಕಾನ್‌ಸ್ಟಾಂಟಿನೋಪಲ್‌ನಲ್ಲೋ ಇಳಿದಾಗ ಕಾನೂನಿನ ಪ್ರಕಾರ ಅವಳು ಯಾರ ಹೆಂಡತಿಯೂ ಅಲ್ಲ, ಮಾರಿದರೆ ಕೇಳುವವರಿಲ್ಲ. ಇನ್ನೊಂದು ಕಡೆ ಗಂಡ ಅಮೆರಿಕಕ್ಕೆ ಹೋಗಿ ಪತ್ತೆ ಇಲ್ಲ, ಅವನು ವಿಚ್ಛೇದನ ಪತ್ರ ಕೊಡದೆ ಇವಳು ಮರುಮದುವೆ ಆಗುವಂತಿಲ್ಲ, ಹೊಟ್ಟೆಗೂ ಇಲ್ಲ. ಇವಳು 1903ರಲ್ಲಿ ಸಾರಾ ರಾಬಿನೊವಿಚ್ ಜೊತೆ ಊರೂರು ಸುತ್ತಿ ಇದನ್ನೆಲ್ಲ ನೋಡಿ, ಮರುವರ್ಷ ರಿಪೋರ್ಟ್ ಪ್ರಿಂಟ್ ಮಾಡಿಸಿದಳು. ಮಾರಾಟಗಾರರಲ್ಲೂ ಯಹೂದಿಗಳಿದ್ದಾರೆ, ಮಾರಾಟವಾದವರಲ್ಲೂ ಇದ್ದಾರೆ ಅಂತ ಬಾಯಿಬಿಟ್ಟು ಹೇಳಿದಳು.

ಮಹಾದೇವಪ್ಪ: ಇಲ್ಲಿ ನನ್ನ ತಕರಾರು ಇದೆ. ಕೆಲಸ ಮಾಡಲಿ, ಬೇಡ ಅನ್ನಲ್ಲ. ಆದರೆ ಸುತ್ತ ಯಹೂದಿ ದ್ವೇಷ ಕುದಿಯುತ್ತಿರುವಾಗ, ಮಾರುವವರು ನಮ್ಮವರೇ ಅಂತ ಅಚ್ಚು ಹಾಕಿಸಿ ಹಂಚಿದರೆ ಶತ್ರುವಿನ ಕೈಗೆ ದೊಣ್ಣೆ ಕೊಟ್ಟಂತೆ. ಸಮಾಜದ ಒಳಗೇ ಸರಿ ಮಾಡಬಹುದಿತ್ತು.

ವಸುಧಾ: ಯಹೂದಿ ಮುಖಂಡರು ಅವಳಿಗೆ ಹೇಳಿದ್ದೂ ಇದನ್ನೇ. ಆದರೆ ಒಳಗೇ ಸರಿ ಮಾಡುವವರು ಎಲ್ಲಿದ್ದರು? ಯಹೂದಿ ಧರ್ಮಗುರುಗಳಾದ ರಬ್ಬಿಗಳ ಹತ್ತಿರ ಹೋದಳು, ಗುಟ್ಟು ಮದುವೆ ನಿಲ್ಲಿಸಿ, ಬಿಟ್ಟುಹೋದ ಗಂಡಂದಿರ ವಿಷಯದಲ್ಲಿ ದಾರಿ ತೋರಿಸಿ ಅಂತ. ಕಾನೂನು ಹಾಗಿಲ್ಲ ಅಂದರು. ಮುಚ್ಚಿಟ್ಟರೆ ಶತ್ರು ಸುಮ್ನೆ ಇರುತ್ತಿದ್ದನಾ? ಅವನಿಗೆ ರಿಪೋರ್ಟ್ ಬೇಕಿರಲಿಲ್ಲ, ಸುಳ್ಳೇ ಸಾಕಾಗಿತ್ತು. ರಿಪೋರ್ಟ್ ಬೇಕಿದ್ದದ್ದು ಹಡಗು ಹತ್ತುವ ಹುಡುಗಿಗೆ, ಸ್ಟೇಷನ್ನಿನಲ್ಲಿ ಅವಳನ್ನು ತಡೆದು ಮಾತಾಡಿಸುವ ಹೆಂಗಸರಿಗೆ.

ಮಹಾದೇವಪ್ಪ: ಒಪ್ಪಲ್ಲ. ಜಾಗ್ರತೆ ಅನ್ನೋದೂ ಒಂದು ಕೆಲಸ. ಊಟ ಆದ ಮೇಲೆ ಬರುತ್ತೇನೆ.

ನಾಗರಾಜ: ನೀವೆಲ್ಲ ಪೂಜೆ ಮುಗಿಸಿದ್ದರೆ ನಾನು ಒಂದು ಕೇಳಲಾ? 1933ರ ಜನವರಿ 30ಕ್ಕೆ ಹಿಟ್ಲರ್ ಚಾನ್ಸಲರ್ ಆದ. ಜರ್ಮನಿಯಲ್ಲಿ ಆಗ ಸುಮಾರು 5 ಲಕ್ಷ ಯಹೂದಿಗಳು. ಬರ್ಲಿನ್ನಿನ ರೆಖಾ ಫ್ರೈಯರ್ ಅನ್ನೋ ಇನ್ನೊಬ್ಬ ಯಹೂದಿ ಹೆಂಗಸು 1932ರಲ್ಲೇ ಮಕ್ಕಳ ಮೊದಲ ಗುಂಪನ್ನು ಪ್ಯಾಲೆಸ್ಟೈನಿಗೆ ಹೊರಡಿಸಿದ್ದಳು. ಯೂತ್ ಆಲಿಯಾ ಅಂತ ಆ ಕೆಲಸದ ಹೆಸರು. ಸಾವಿರಾರು ಮಕ್ಕಳು ಅದರಿಂದ ಉಳಿದರು. ನಿಮ್ಮ ಬರ್ತಾ ಏನು ಮಾಡಿದಳು? ವಿರೋಧಿಸಿದಳು. ತಂದೆತಾಯಿ ಇಲ್ಲಿ, ಮಕ್ಕಳು ಅಲ್ಲಿ, ಇದು ಸರಿಯಲ್ಲ ಅಂದಳು. ಇದನ್ನು ಯಾಕೆ ಯಾರೂ ಹೇಳುತ್ತಿಲ್ಲ ವಸುಧಾ?

ವಸುಧಾ: ಹೇಳುವವಳಿದ್ದೆ, ಮಹಾದೇವಪ್ಪ ಬಿಡಲಿಲ್ಲ.

ನಾಗರಾಜ: ಈಗ ಹೇಳು. ಜಾಗ ಖಾಲಿ ಇದೆ.

ವಸುಧಾ: ವಿರೋಧಿಸಿದ್ದು ನಿಜ. ಜಿಯೋನಿಸಂ, ಅಂದರೆ ಪ್ಯಾಲೆಸ್ಟೈನಿನಲ್ಲಿ ಯಹೂದಿಗಳಿಗೆ ನಾಡು ಕಟ್ಟುವ ಚಳವಳಿ, ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ತಾನು ಜರ್ಮನ್, ತಾನು ಯಹೂದಿ, ಎರಡೂ ಒಟ್ಟಿಗೆ ಇರಬಹುದು ಅಂತ ಜೀವಮಾನ ನಂಬಿದ್ದಳು. ಆದರೆ 1933ರಲ್ಲಿ ಕೂತು 1942ರ ಸಾಮೂಹಿಕ ಕೊಲೆ ಕಾಣುವುದಿಲ್ಲ ನಾಗರಾಜ. ಕೆಲಸ ಹೋಗುತ್ತದೆ, ಅವಮಾನ ಆಗುತ್ತದೆ, ನಾಲ್ಕು ವರ್ಷ ಹಲ್ಲು ಕಚ್ಚಿದರೆ ಈ ಸರ್ಕಾರ ಬೀಳುತ್ತದೆ ಅಂತ ಓದಿದವರೇ ಅಂದುಕೊಂಡಿದ್ದರು. ಇನ್ನೊಂದು ಮಾತು, ಇದು ಪುಸ್ತಕದ್ದಲ್ಲ, ನನ್ನದು. 30 ವರ್ಷ ಯಾರೋ ಬಂದು 'ನಿಮ್ಮ ಮಗಳಿಗೆ ಹೊರದೇಶದಲ್ಲಿ ಒಳ್ಳೆ ಬದುಕಿದೆ' ಅಂದು ಹಡಗು ಹತ್ತಿಸಿದ್ದನ್ನೇ ನೋಡಿದವಳಿಗೆ, ಅಪ್ಪ ಅಮ್ಮ ಇಲ್ಲದೆ ಮಕ್ಕಳನ್ನು ಹಡಗಿಗೆ ಹತ್ತಿಸಿ ಅಂದರೆ ಮೈ ಉರಿಯದೆ ಇರುತ್ತದಾ?

ನಾಗರಾಜ: ಚೆನ್ನಾಗಿ ಹೇಳಿದೆ, ಆದರೆ ಲೆಕ್ಕ ತಪ್ಪಿತು. 1934ರಲ್ಲಿ ಅವಳೇ ಒಂದಷ್ಟು ಮಕ್ಕಳನ್ನು ಗ್ಲಾಸ್ಗೋದ ಅನಾಥಾಲಯಕ್ಕೆ ಕರೆದುಕೊಂಡು ಹೋಗಿ ಬಿಟ್ಟು ಬಂದಳು. ಅಂದರೆ ಬ್ರಿಟನ್ ಆದರೆ ಪರವಾಗಿಲ್ಲ, ಪ್ಯಾಲೆಸ್ಟೈನ್ ಆಗಬಾರದು. ಅದು ಮಕ್ಕಳ ಮೇಲಿನ ಕಾಳಜಿ ಅಲ್ಲ, ರಾಜಕೀಯ.

ಶೈಲಾ: ನಾಗರಾಜ, ಅವು ಅನಾಥಾಲಯದ ಮಕ್ಕಳು. ಬಿಟ್ಟುಹೋಗಲು ಅಪ್ಪ ಅಮ್ಮ ಇರಲಿಲ್ಲ.

ನಾಗರಾಜ: ಅದು ಪಾಯಿಂಟ್. ಆದರೂ ಪೂರ್ತಿ ಉತ್ತರ ಅಲ್ಲ.

ವಸುಧಾ: ಅಲ್ಲ. ರಾಜಕೀಯವೂ ಇತ್ತು, ಇಲ್ಲ ಅನ್ನಲ್ಲ. ಜಿಯೋನಿಸಂ ವಿಷಯದಲ್ಲಿ ರಾಜಿ ಆಗಲಾರದೆ 1934ರಲ್ಲಿ ಒಕ್ಕೂಟದ ಆಡಳಿತ ಮಂಡಳಿಯನ್ನೇ ಬಿಟ್ಟಳು. 1935ರ ಸೆಪ್ಟೆಂಬರಿನಲ್ಲಿ ನ್ಯೂರೆಂಬರ್ಗ್ ಕಾನೂನು ಬಂದು ಯಹೂದಿಗಳ ಪೌರತ್ವ ಕಿತ್ತುಕೊಂಡ ಮೇಲೆ ಮನಸ್ಸು ಬದಲಾಯಿತು, ದೇಶ ಬಿಡುವುದೇ ಸರಿ ಅಂದಳು. ಆಗ 76 ವರ್ಷ, ಹೊಟ್ಟೆಯಲ್ಲಿ ಗೆಡ್ಡೆ.

ನಾಗರಾಜ: ಎರಡೂವರೆ ವರ್ಷ ತಡ.

ವಸುಧಾ: ಹೌದು, ತಡ. ಆದರೆ ಆ ಮನೆಯಲ್ಲಿ ಇದ್ದವರು ಯಾರು ನೋಡು. ಯೂತ್ ಆಲಿಯಾ ಆರಿಸುತ್ತಿದ್ದದ್ದು ಗಟ್ಟಿಮುಟ್ಟಾದ 15, 16 ವಯಸ್ಸಿನವರನ್ನು, ಹೊಲದಲ್ಲಿ ದುಡಿಯುವವರನ್ನು. ಇವಳ ಹತ್ತಿರ ಇದ್ದದ್ದು ಹಸುಗೂಸು, ಗಂಡನಿಲ್ಲದ ಬಾಣಂತಿ, ಬುದ್ಧಿ ಬೆಳೆಯದ ಹುಡುಗಿ. ಅವರಿಗೆ ವೀಸಾ ಕೊಡಲು ಯಾವ ದೇಶ ಸಾಲಿನಲ್ಲಿ ನಿಂತಿತ್ತು ಹೇಳು.

ಶೈಲಾ: ಬುದ್ಧಿ ಬೆಳೆಯದ ಹುಡುಗಿ ಅಂದೆಯಲ್ಲ, ಅದು ಅಲ್ಲಿನ ದೊಡ್ಡ ಕಥೆ. 1936ರ ಏಪ್ರಿಲ್. ಮನೆಯಲ್ಲಿದ್ದ ಅಂಥ ಹುಡುಗಿಯೊಬ್ಬಳು ಹಿಟ್ಲರ್ ಬಗ್ಗೆ ಏನೋ ಅಂದುಬಿಟ್ಟಳಂತೆ. ಅಲ್ಲೇ ಕೆಲಸ ಮಾಡುತ್ತಿದ್ದ ಒಬ್ಬರು ಹೋಗಿ ದೂರು ಕೊಟ್ಟರು. ಪಾಪನ್‌ಹೈಮ್ ಅವರನ್ನು ಆಫನ್‌ಬಾಖ್ ಪೊಲೀಸ್ ಕಚೇರಿಗೆ ಕರೆಸಿದರು. ಆಪರೇಷನ್ ಆದ, ಸಾಯಲು ತಿಂಗಳ ಮೇಲೆ ಸ್ವಲ್ಪ ದಿನ ಮಾತ್ರ ಇದ್ದ 77ರ ಮುದುಕಿ. ಹೋಗಿ ಕೂತು, ಗಾಬರಿ ಇಲ್ಲದೆ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಬಂದರು. ಹುಡುಗಿಯ ಮೇಲೆ ಕೇಸು ಆಗಲಿಲ್ಲ. ಆರು ವಾರದಲ್ಲಿ ಇವರು ಹೋದರು.

ರೇಖಾ: ಇದು ಸ್ಟೇಟಸ್ ಹಾಕಬೇಕಾದ ವಿಷಯ.

ಗಿರೀಶ: ಮನೆ ಏನಾಯಿತು?

ಶೈಲಾ: 1938ರ ನವೆಂಬರ್ 10ಕ್ಕೆ ಬಂದು ಒಂದು ಕಟ್ಟಡಕ್ಕೆ ಬೆಂಕಿ ಇಟ್ಟರು, ಇನ್ನೊಂದನ್ನು ಪುಡಿ ಮಾಡಿದರು. ಉಳಿದದ್ದರಲ್ಲಿ 1942ರವರೆಗೆ ಹೇಗೋ ನಡೆಸಿದರು. ಮಾರ್ಚ್ 31ಕ್ಕೆ ಹಿಟ್ಲರನ ಗುಪ್ತ ಪೊಲೀಸ್ ಗೆಸ್ಟಾಪೋ ಮುಚ್ಚಿಸಿತು. ಉಳಿದಿದ್ದವರನ್ನು ಥೆರೇಸಿಯನ್‌ಸ್ಟಾಟ್ ಸೆರೆ ಶಿಬಿರಕ್ಕೆ ಸಾಗಿಸಿದರು. ಜೊತೆಗಿದ್ದ ಹನ್ನಾ ಕಾರ್ಮಿನ್ಸ್ಕಿ ಬರ್ಲಿನ್ನಿನಲ್ಲೇ ನಿಂತು ಯಹೂದಿಗಳ ಕೆಲಸ ಮಾಡುತ್ತಿದ್ದರು, ಅವರನ್ನು ಅದೇ ವರ್ಷದ ಕೊನೆಗೆ ಆಷ್‌ವಿಟ್ಸ್ ಸಾವಿನ ಶಿಬಿರಕ್ಕೆ. 1954ರಲ್ಲಿ ಪಶ್ಚಿಮ ಜರ್ಮನಿ ಪಾಪನ್‌ಹೈಮ್ ಮುಖ ಇರುವ ಅಂಚೆ ಚೀಟಿ ತಂದಿತು.

ನಾಗರಾಜ: ಸತ್ತ ಮೇಲೆ ಸ್ಟಾಂಪು. ಎಲ್ಲ ದೇಶದಲ್ಲೂ ಒಂದೇ.

ಮಹಾದೇವಪ್ಪ: ಊಟ ಆಯಿತು. ಓದಿದೆ. ನನ್ನ ತಕರಾರು ಹಾಗೇ ಇದೆ, ಆದರೆ ಆ ಗಲಿಷಿಯಾ ರಿಪೋರ್ಟ್ ಇಂಗ್ಲಿಷಿನಲ್ಲಿ ಸಿಕ್ಕರೆ ಕಳಿಸಿ. ನಮ್ಮ ರೈಲ್ವೆ ಸ್ಟೇಷನ್ ಹೆಲ್ಪ್‌ಡೆಸ್ಕಿನವರಿಗೆ ಓದಿಸಬೇಕು.

ನಾಗರಾಜ: ಶೈಲಾ, ಆ ಮನೆಯಲ್ಲಿದ್ದವರ ಹೆಸರು ಎಲ್ಲಾದರೂ ಬರೆದಿಟ್ಟಿದ್ದಾರಾ?

ಶೈಲಾ: ಊರಿನವರು ಸ್ಮರಣ ಪುಸ್ತಕ ಮಾಡಿ ಇಂಟರ್ನೆಟ್ಟಿನಲ್ಲಿ ಹಾಕಿದ್ದಾರೆ. ಎಲ್ಲ ಜರ್ಮನ್ನಿನಲ್ಲಿದೆ.

ನಾಗರಾಜ: ಲಿಂಕ್ ಹಾಕು, ಟ್ರಾನ್ಸ್‌ಲೇಟ್ ಮಾಡಿಕೊಂಡು ಓದುತ್ತೇನೆ. ವಸುಧಾ, 1934ರ ವಿಷಯ ಬಿಟ್ಟಿದ್ದೇನೆ ಅಂದುಕೊಳ್ಳಬೇಡ. ಓದಿ ಬಂದು ಮತ್ತೆ ಜಗಳ ಆಡುತ್ತೇನೆ.

ವಸುಧಾ: ಬಾ. ಬರುವಾಗ ರೆಖಾ ಫ್ರೈಯರ್ ಬಗ್ಗೆಯೂ ಓದಿಕೊಂಡು ಬಾ. ಅವಳನ್ನೂ ಅವಳ ಸಂಸ್ಥೆಯವರೇ ಎಷ್ಟು ಗೋಳಾಡಿಸಿದರು ಅಂತ ಆಗ ಮಾತಾಡೋಣ.