ಎಸ್ಸೆಸ್ಸೆಲ್ಸಿ 1994 ಬ್ಯಾಚಿನ ಗುಂಪಿಗೆ ಬಂದ ಫಾರ್ವರ್ಡ್

ಗಣೇಶ ಭಟ್ (ಪುತ್ತೂರು): *ಫಾರ್ವರ್ಡ್ ಮಾಡಿದ್ದು:* ಅರಬ್ ದೇಶಗಳ ಶಾಲಾಮಕ್ಕಳಲ್ಲಿ ಬೊಜ್ಜು! ಕಾರಣಗಳು: ತಾಯಿಯ ಅಧಿಕ ತೂಕ, ಬೆಳಗಿನ ತಿಂಡಿ ಬಿಡುವುದು, ತಂಪು ಪಾನೀಯ, ಮೊಬೈಲ್, ನಿದ್ದೆಗೇಡು, ಮನೆಯಲ್ಲಿ ಕೆಲಸದವರು. ತಪ್ಪದೆ ಎಲ್ಲರಿಗೂ ಕಳಿಸಿ.

ಗಣೇಶ ಭಟ್: ಎಣ್ಣೆ ದುಡ್ಡು ಜಾಸ್ತಿ ಆದ್ರೆ ಹೀಗೇ. ಒಂದು ಲೋಟ ನೀರಿಗೂ ಆಳು ಬೇಕು ಅವರಿಗೆ. ನಮ್ಮ ಗಂಜಿ, ಉಪ್ಪಿನಕಾಯಿ ಎಷ್ಟೋ ಮೇಲು.

ನವೀನ (ಪಿಟಿ ಮೇಷ್ಟ್ರು): 👍 ಕುಳಿತು ತಿನ್ನುವವರ ಕತೆ ಇಷ್ಟೇ.

ಸಿಲ್ವಿಯಾ (ಕುವೈತ್): ಇಲ್ಲಿ ಶಾಲೆಯ ಕ್ಲಿನಿಕ್ಕಲ್ಲಿ ದಿನಾ ಮಕ್ಕಳನ್ನು ತೂಗುವವಳು ನಾನು. ಆ ಪಟ್ಟಿ ಸುಳ್ಳಲ್ಲ ಗಣೇಶ. ನೀನು ಅದರಿಂದ ತೆಗೆದ ತೀರ್ಪು ಸುಳ್ಳು.

ಗಣೇಶ ಭಟ್: ಎಂತ ಸುಳ್ಳು ಮಾರಾಯ್ತಿ? ಬರೆದದ್ದನ್ನೇ ಹೇಳಿದ್ದು.

ಸಿಲ್ವಿಯಾ: ಯೆಮೆನ್ ಕೂಡ ಅರಬ್ ದೇಶವೇ. ಅಲ್ಲಿ ಮಕ್ಕಳು ಹೊಟ್ಟೆಗಿಲ್ಲದೆ ಸೊರಗಿ ಹೋಗಿದ್ದಾರೆ. ಈಜಿಪ್ಟಿನವರ ಕೈಯಲ್ಲಿ ಎಣ್ಣೆ ದುಡ್ಡು ಎಲ್ಲುಂಟು? ಆದ್ರೂ ಬೊಜ್ಜು ಉಂಟು. ಅದೇ ಊರಿನಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳೂ ಇದ್ದಾರೆ. ಸರ್ಕಾರ ಅಗ್ಗಕ್ಕೆ ಕೊಡುವುದು ರೊಟ್ಟಿ, ಸಕ್ಕರೆ, ಅಡುಗೆ ಎಣ್ಣೆ. ರೊಟ್ಟಿ ಒಂದಕ್ಕೆ 5 ಪಿಯಾಸ್ಟರ್ (ಅಲ್ಲಿಯ ಪೈಸೆ) ಇದ್ದದ್ದು 20 ಆದದ್ದೇ 2024ರಲ್ಲಿ. ಅದರಲ್ಲಿ ಹೊಟ್ಟೆ ತುಂಬ್ತದೆ. ಹಾಲು, ಮೊಟ್ಟೆ, ತರಕಾರಿ ಎಲ್ಲರ ಕೈಗೆ ಎಟುಕುವುದಿಲ್ಲ.

ಝೊಹರಾ (ದುಬೈ): ನನಗೆ ಸಿಟ್ಟು ಬಂದದ್ದು ಮೊದಲನೇ ಕಾರಣ ನೋಡಿ. "ತಾಯಿಯ ಅಧಿಕ ತೂಕ". ಅಪ್ಪ ಎಲ್ಲಿಗೆ ಹೋದ?

ಸಿಲ್ವಿಯಾ: ಇಂಥ ಸಮೀಕ್ಷೆಗೆ ಶಾಲೆಯಿಂದ ಮನೆಗೆ ಫಾರಂ ಕಳಿಸಿದ್ರೆ ಹೆಚ್ಚಾಗಿ ತುಂಬುವವಳು ತಾಯಿ. ಅವಳದ್ದೇ ಲೆಕ್ಕ ಸಿಗ್ತದೆ. ತಾಯಿ ತೋರ ಇದ್ರೆ ಮಗುವೂ ತೋರ ಆಗುವ ಸಾಧ್ಯತೆ ಜಾಸ್ತಿ ಅನ್ನುವುದು ನಿಜ. ಅದು ರಕ್ತದಲ್ಲಿ ಬಂದದ್ದೋ, ಒಂದೇ ಅಡುಗೆಮನೆಯಲ್ಲಿ ಉಂಡದ್ದೋ, ಅಷ್ಟರಿಂದ ಗೊತ್ತಾಗುವುದಿಲ್ಲ. ಅಪ್ಪನಿಗೂ ಇದೇ ಮಾತು ಸಲ್ಲುತ್ತದೆ.

ಗಣೇಶ ಭಟ್: *ಈ ಸಂದೇಶವನ್ನು ಅಳಿಸಲಾಗಿದೆ*

ಝೊಹರಾ: ಓದಿ ಆಯ್ತು ಭಟ್ರೆ 😄

ಅಶ್ರಫ್ (ಶಾರ್ಜಾ): ಈಗ ಅಂಗಡಿ ಸ್ವಲ್ಪ ಖಾಲಿ ಆಯ್ತು, ನಾನು ಹೇಳ್ತೇನೆ. ಶಾಲೆ ಬಿಡುವ ಹೊತ್ತಿಗೆ ನಮ್ಮ ಕೆಫೆಟೇರಿಯಾ ಎದುರು ಕಾರಿನ ಸಾಲು. ಒಬ್ಬನೂ ಇಳಿಯುದಿಲ್ಲ. ಹಾರ್ನ್ ಹೊಡೀತಾರೆ, ನಮ್ಮ ಹುಡುಗ ಓಡಿಹೋಗಿ ಗಾಜಿನ ಹತ್ರ ನಿಂತು ಆರ್ಡರ್ ತಗೊಳ್ತಾನೆ. ಬಿಸಿ ಪರೋಟಕ್ಕೆ ಕ್ರೀಮ್ ಚೀಸ್ ಸವರಿ, ಒಮಾನ್ ಚಿಪ್ಸಿನ ಪ್ಯಾಕೆಟ್ಟನ್ನು ಅಂಗೈಯಲ್ಲಿ ಹಿಸುಕಿ ಪುಡಿ ಮಾಡಿ ಉದುರಿಸಿ, ಖಾರದ ಸಾಸ್ ಬಿಟ್ಟು ಸುತ್ತಿ ಕೊಡುದು. ಜೊತೆಗೆ ಕರಕ್ ಚಾ, ಡಬ್ಬಿ ಹಾಲಿಂದು, ಸಕ್ಕರೆ ಕೇಳ್ಬೇಡ. ಹಿಂದಿನ ಸೀಟಲ್ಲಿ ಕೂತ ಮಕ್ಕಳು ಬರೀ ಅರಬರಲ್ಲ. ಮಲಯಾಳಿ, ಪಾಕಿಸ್ತಾನಿ, ನಮ್ಮ ಊರಿನವರೂ ಇದ್ದಾರೆ.

ಗಣೇಶ ಭಟ್: ಹಾಗಾದ್ರೆ ಅಪರಾಧಿ ಸಿಕ್ಕಿದ. ನೀನೇ!

ಅಶ್ರಫ್: ನಾನು ಮಾರದಿದ್ರೆ ಪಕ್ಕದವ ಮಾರ್ತಾನೆ. ಇಲ್ಲಿ 2017ರಲ್ಲಿ ಕೋಲಾಕ್ಕೆ 50%, ಎನರ್ಜಿ ಡ್ರಿಂಕಿಗೆ 100% ತೆರಿಗೆ ಬಿತ್ತು. 2019ರಲ್ಲಿ ಉಳಿದ ಸಿಹಿ ಪಾನೀಯಕ್ಕೂ ಬಂತು. ಅಂಗಡಿಯಲ್ಲಿ ಕಾಯಿಸಿ ಲೋಟಕ್ಕೆ ಹೊಯ್ಯುವ ಕರಕಿಗೆ ಅದಿಲ್ಲ. ಈಗ ಯಾವುದು ಅಗ್ಗ, ನೀನೇ ಹೇಳು.

ನವೀನ: ಆಯ್ತು, ತಿಂದದ್ದು ಕರಗಿಸ್ಲಿಕ್ಕೆ ಓಡಿದ್ರೆ ಆಗ್ತದಲ್ವಾ? ನಾನು ಮಕ್ಕಳನ್ನು ಗ್ರೌಂಡಲ್ಲಿ ಬಿಡ್ತೇನೆ, ಯಾರಿಗೂ ಹೊಟ್ಟೆ ಬಂದದ್ದು ನೋಡಿಲ್ಲ.

ಸಿಲ್ವಿಯಾ: ಎಲ್ಲಿ ಓಡುವುದು? ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈಯಲ್ಲಿ 53.9 ಡಿಗ್ರಿ ದಾಖಲಾಗಿದೆ. ಅದು ವಿಪರೀತದ ದಿನ, ಒಪ್ಪಿದೆ. ಆದ್ರೆ ಬೇಸಿಗೆಯ ಮಾಮೂಲು ಮಧ್ಯಾಹ್ನವೂ 45 ದಾಟ್ತದೆ. ಬಾಗಿಲಿಂದ ಕಾರು, ಕಾರಿಂದ ಶಾಲೆ, ಶಾಲೆಯಿಂದ ಮಾಲ್. ಐದರಿಂದ ಹದಿನೇಳರ ತನಕದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರಬೇಕು ಅಂತದೆ ವಿಶ್ವ ಆರೋಗ್ಯ ಸಂಸ್ಥೆ. ಹವಾನಿಯಂತ್ರಣದ ಹಾಲ್ ಇಲ್ಲದ ಶಾಲೆಯಲ್ಲಿ ಪಿಟಿ ಪೀರಿಯಡ್ ಅಂದ್ರೆ ನೆರಳಲ್ಲಿ ನಿಲ್ಲುವುದು. ಸೌದಿಯಲ್ಲಿ ಸರ್ಕಾರಿ ಶಾಲೆಯ ಹುಡುಗಿಯರಿಗೆ ಆ ಪೀರಿಯಡ್ ಕೊಡ್ಲಿಕ್ಕೆ ಒಪ್ಪಿದ್ದೇ 2017ರಲ್ಲಿ. ಅವರನ್ನು ಸೋಮಾರಿ ಅನ್ನುವುದು ಹೇಗೆ?

ಗಣೇಶ ಭಟ್: ನೀನು ಆಳುಗಳ ವಿಷಯ ಬಿಟ್ಟೇಬಿಟ್ಟೆ.

ಸಿಲ್ವಿಯಾ: ಆ ಆಳುಗಳು ನಮ್ಮ ಕಡೆಯವರೇ. ಆಂಧ್ರ, ಶ್ರೀಲಂಕಾ, ಫಿಲಿಪ್ಪೀನ್ಸ್. ಮಗು ಮೂರನೇ ಸಲ ಚಾಕಲೇಟ್ ಕೇಳಿದ್ರೆ ಬೇಡ ಅನ್ನುವ ಅಧಿಕಾರ ಆಯಾಳಿಗೆ ಕೊಟ್ಟವರು ಯಾರು? ಮಗು ಅತ್ತರೆ ಬೈಗುಳ ಅವಳಿಗೇ.

ಶ್ರೀಧರ ಸರ್: ನಾನು ಮೊದಲಿನಿಂದ ಓದುತ್ತಾ ಇದ್ದೇನೆ. ಒಂದು ಪ್ರಶ್ನೆ. ಇಂಥ ಸಮೀಕ್ಷೆಯಲ್ಲಿ ಮಗುವಿನ ತೂಕವನ್ನೂ ಅಭ್ಯಾಸವನ್ನೂ ಒಂದೇ ದಿನ ಬರೆದುಕೊಂಡರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯುವುದು ಹೇಗೆ? ತಿಂಡಿ ಬಿಟ್ಟದ್ದರಿಂದ ದಪ್ಪವಾಯಿತೋ, ದಪ್ಪವಾದೆನೆಂದು ತಿಂಡಿ ಬಿಟ್ಟಿತೋ? ಗಣೇಶ, ಹೇಳು.

ನವೀನ: ನಮಸ್ಕಾರ ಸರ್ 🙏

ಅಶ್ರಫ್: ನಮಸ್ಕಾರ ಸರ್. ಭಟ್ಟ ಬೆಂಚಿನ ಮೇಲೆ ನಿಂತ.

ಗಣೇಶ ಭಟ್: ನಮಸ್ಕಾರ ಸರ್. ಅದು... ಎರಡೂ ಇರಬಹುದು.

ಸಿಲ್ವಿಯಾ: ಸರ್ ಹಿಡಿದದ್ದೇ ಸರಿಯಾದ ಜಾಗ. ನನ್ನ ಹತ್ತಿರ ತಲೆಸುತ್ತು ಅಂತ ಬರುವ ಎಂಟನೇ ಕ್ಲಾಸಿನ ಹುಡುಗಿಯರಲ್ಲಿ ಎಷ್ಟೋ ಮಂದಿ ತಿಂಡಿ ಬಿಟ್ಟದ್ದು ಯಾರೋ ಆಡಿಕೊಂಡದ್ದಕ್ಕೆ. ಆಟವೂ ಹಾಗೆಯೇ, ನಗ್ತಾರೆ ಅಂತ ಮೂಲೆಗೆ ಸರೀತಾರೆ. ಎಲ್ಲ ಕಾರಣವೂ ಒಂದೇ ತೂಕದ್ದಲ್ಲ ಸರ್. ಸಕ್ಕರೆ ಪಾನೀಯದ ಬಗ್ಗೆ ಪ್ರಯೋಗ ಮಾಡಿಯೇ ನೋಡಿದ್ದಾರೆ. ನೆದರ್ಲೆಂಡ್ಸಿನಲ್ಲಿ 641 ಮಕ್ಕಳನ್ನು ಎರಡು ಪಾಲು ಮಾಡಿ, ದಿನಕ್ಕೆ ಒಂದು 250 ಮಿಲಿ ಡಬ್ಬಿ ಕೊಟ್ಟರು. ಒಂದು ಪಾಲಿಗೆ ಸಕ್ಕರೆಯದ್ದು, ಇನ್ನೊಂದಕ್ಕೆ ಸಕ್ಕರೆ ಇಲ್ಲದ್ದು. ಯಾರಿಗೆ ಯಾವುದು ಅಂತ ಮಕ್ಕಳಿಗೆ ಹೇಳಲಿಲ್ಲ. ಒಂದೂವರೆ ವರ್ಷ ಆಗುವಾಗ ಸಕ್ಕರೆ ಇಲ್ಲದ್ದನ್ನು ಕುಡಿದವರು ಸುಮಾರು ಒಂದು ಕಿಲೋ ಕಡಿಮೆ ಏರಿದ್ದರು. 2012ರಲ್ಲಿ ಪ್ರಕಟ ಆದದ್ದು. ಅದು ಅರಬ್ ದೇಶವೇ ಅಲ್ಲ.

ಶ್ರೀಧರ ಸರ್: ಇದು ಸರಿಯಾದ ಉತ್ತರ. ಕೂತುಕೋ ಗಣೇಶ.

ಅಶ್ರಫ್: ಭಟ್ಟನಿಗೊಂದು ಸಮಾಧಾನದ ಸುದ್ದಿ. ದುಬೈಯಲ್ಲಿ 2013ರ ರಂಜಾನಿಗೆ ಒಂದು ಸ್ಪರ್ಧೆ ಇಟ್ಟಿದ್ರು, ಒಂದು ಕಿಲೋ ಇಳಿಸಿದ್ರೆ ಒಂದು ಗ್ರಾಂ ಚಿನ್ನ.

ಗಣೇಶ ಭಟ್: ಆಗಲೇ ಹೇಳ್ಬಾರದಾ! ಮಗಳ ಮದುವೆಗೆ ಕರಿಮಣಿಯಷ್ಟಾದ್ರೂ ಆಗ್ತಿತ್ತು.

ಝೊಹರಾ: ನಿಮಗೆ ಸೊಂಟದ ಡಾಬೇ ಬರ್ತಿತ್ತು.

ನವೀನ: ತಮಾಷೆ ಬಿಡಿ. ಸಿಲ್ವಿಯಾ, ನಾನು ಹೊಟ್ಟೆ ನೋಡಿಲ್ಲ ಅಂದೆನಲ್ಲ. ಕಣ್ಣಳತೆ ಸಾಕಾ?

ಸಿಲ್ವಿಯಾ: ಸಾಲುವುದಿಲ್ಲ. ನಮ್ಮ ಮಕ್ಕಳು ನೋಡ್ಲಿಕ್ಕೆ ಸಪೂರ ಇದ್ರೂ ಒಳಗೆ ಕೊಬ್ಬು ಜಾಸ್ತಿ ಇರ್ತದೆ. ಅದಕ್ಕೇ ಭಾರತದ ಮಕ್ಕಳ ವೈದ್ಯರ ಸಂಘ 2015ರಲ್ಲಿ ಬೇರೆ ಚಾರ್ಟ್ ಮಾಡಿದ್ದು. ದೊಡ್ಡವರ ಲೆಕ್ಕದಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 23ಕ್ಕೆ ಸಮನಾದ ಗೆರೆ ದಾಟಿದ್ರೆ ಅಧಿಕ ತೂಕ, 27ಕ್ಕೆ ಸಮನಾದ್ದು ದಾಟಿದ್ರೆ ಬೊಜ್ಜು. ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ಬೇರೆ, ಅಮೆರಿಕದ್ದು ಬೇರೆ. ಒಂದೇ ಕ್ಲಾಸನ್ನು ಮೂರರಲ್ಲೂ ಅಳೆದ್ರೆ ಮೂರು ಬೇರೆ ಬೇರೆ ಶೇಕಡಾ ಲೆಕ್ಕ ಬರ್ತದೆ. ಇಷ್ಟು ಪರ್ಸೆಂಟ್ ಅಂತ ಫಾರ್ವರ್ಡ್ ಬಂದ್ರೆ ಯಾವ ಗೆರೆ ಅಂತ ಕೇಳಿ.

ನವೀನ: ನಾಡಿದ್ದು ಏಳು, ಎಂಟು, ಒಂಬತ್ತರ ತೂಕ ತೆಗೀಲಿಕ್ಕುಂಟು. ಆ ಚಾರ್ಟ್ ಕಳಿಸ್ತೀಯಾ?

ಸಿಲ್ವಿಯಾ: ಈಗಲೇ ಕಳಿಸ್ತೇನೆ. ಹುಡುಗರದ್ದು, ಹುಡುಗಿಯರದ್ದು ಬೇರೆ ಬೇರೆ ಉಂಟು, ಸರಿಯಾಗಿ ನೋಡು. ಶೂ ಬಿಚ್ಚಿಸು. ಒಬ್ಬೊಬ್ಬರನ್ನೇ ಸ್ಟಾಫ್ ರೂಮಿಗೆ ಕರಿ, ಸಾಲು ನಿಲ್ಲಿಸಿ ತೂಗಬೇಡ. ಹುಡುಗಿಯರಿಗೆ ಒಬ್ಬರು ಟೀಚರ್ ಇರ್ಲಿ. ಮತ್ತೆ ನಿನ್ನ ಗ್ರೌಂಡಿನ ಸ್ವರದಲ್ಲಿ ಕಿಲೋ ಕೂಗಿ ಹೇಳ್ಬೇಡ, ಬರೆದು ಪುಸ್ತಕ ಮುಚ್ಚು.