ನಾಟಿ ಕೋಳಿ ಜುಟ್ಟಿನ ಮೇಲೆ ಕಪ್ಪು ಗಂಟು, ಏನಿದು?

ಹಿತ್ತಲಮನೆ: ಮಳೆ ಶುರುವಾದ ಮೇಲೆ ಎರಡು ಹೇಂಟೆಗಳ ಜುಟ್ಟು ಮತ್ತು ಕಣ್ಣಿನ ಸುತ್ತ ನರಹುಲಿ ತರಹ ಗಂಟು ಎದ್ದಿದೆ. ಮೊದಲು ಹಳದಿ ಇತ್ತು, ಈಗ ಕಪ್ಪಗೆ ಗಟ್ಟಿಯಾಗಿದೆ. ಕಿತ್ತು ಹಾಕಿ ಅನ್ನುತ್ತಾರೆ ಪಕ್ಕದವರು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅವರಿಗೂ ಅಂಟುತ್ತಾ?

ಕೋಳಿಗೂಡು: ಕೋಳಿ ಸಿಡುಬು ಇರಬೇಕು. ದಯವಿಟ್ಟು ಕೀಳಬೇಡಿ, ರಕ್ತ ಬರುತ್ತೆ, ಉದುರಿದ ಹೊಪ್ಪಳೆಯಲ್ಲೂ ವೈರಸ್ ಇರುತ್ತೆ. ಇದನ್ನು ಕೊಲ್ಲುವ ಔಷಧಿ ಇಲ್ಲ, ಸಾಮಾನ್ಯವಾಗಿ 3-4 ವಾರದಲ್ಲಿ ತಾನೇ ಒಣಗಿ ಉದುರುತ್ತದೆ. ಅಲ್ಲಿವರೆಗೆ ಬೇರೆ ಇಡಿ, ಗಂಟಿನ ಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ, ಕಣ್ಣಿಗೆ ತಾಗದ ಹಾಗೆ. ಮನುಷ್ಯರಿಗೆ ಬರಲ್ಲ.

ಮಲೆನಾಡಿಗ: ಬಾಯಿ ತೆರೆದು ನೋಡಿದ್ರಾ? ಒಳಗೆ ಹಳದಿ ಪೊರೆ ಕಟ್ಟಿದ್ದರೆ ಉಸಿರು ಕಟ್ಟಿ ಸಾಯಬಹುದು, ತಕ್ಷಣ ಪಶುವೈದ್ಯರ ಹತ್ತಿರ ಹೋಗಿ. ಕಣ್ಣು ಮುಚ್ಚಿಕೊಂಡಿದ್ದರೆ ಮೇವು ಕಾಣದೆ ಸೊರಗುತ್ತವೆ, ಕೈಯಲ್ಲೇ ತಿನ್ನಿಸಬೇಕು. ಸುಮ್ನೆ ಆಂಟಿಬಯಾಟಿಕ್ ಕೊಡಬೇಡಿ, ಮೊಟ್ಟೆಗೂ ಸೇರುತ್ತೆ.

ಹಿತ್ತಲಮನೆ: ಬಾಯಿ ಸ್ವಚ್ಛ ಇದೆ. ಉಳಿದವಕ್ಕೆ ಲಸಿಕೆ ಹಾಕಿಸಬಹುದಾ?

ಕೋಳಿಗೂಡು: ಗಂಟು ಇಲ್ಲದವಕ್ಕೆ ಹಾಕಿಸಬಹುದು, ರೆಕ್ಕೆಯ ಚರ್ಮಕ್ಕೆ ಚುಚ್ಚುತ್ತಾರೆ. ಆದ್ರೆ ಮೊದಲು ಗೂಡಿನ ಹತ್ತಿರ ನಿಂತ ನೀರು ಚೆಲ್ಲಿ, ಸೊಳ್ಳೆಯೇ ಇದನ್ನು ಜಾಸ್ತಿ ಹರಡೋದು.