ವಕೀಲರ ‘ರಿಟೈನರ್’ ಕರಾರಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮಂಡ್ಯ ತಾಲ್ಲೂಕಿನ ಒಂದು ಸಹಕಾರ ಸಂಘ ತನ್ನ ವಕೀಲರೊಂದಿಗೆ ಮಾಡಿಕೊಳ್ಳುವ ರಿಟೈನರ್ ಕರಾರನ್ನು, ಅಂದರೆ ಮೊದಲೇ ದುಡ್ಡು ಕೊಟ್ಟು ವಕೀಲರನ್ನು ತನಗಾಗಿ ಇರಿಸಿಕೊಳ್ಳುವ ಒಪ್ಪಂದವನ್ನು, ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಸದಸ್ಯರಲ್ಲಿ ಕಬ್ಬು ಬೆಳೆಯುವವರೇ ಹೆಚ್ಚು. ಸಭೆಯಲ್ಲಿ ಓದಿದರೆ ಅವರಿಗೆ ಅರ್ಥವಾಗಬೇಕು. ಹಳೆಯ ಕರಡಿನಲ್ಲಿ ‘ಧಾರಣಾ ಶುಲ್ಕ’ ಎಂದಿತ್ತು. ಅದನ್ನು ಕೇಳಿದ ಹಿರಿಯರೊಬ್ಬರು, “ಈ ದುಡ್ಡು ವಾಪಸ್ ಬತ್ತದಾ, ಇಲ್ಲಾ ಹೋದಂಗೇನಾ?” ಅಂದರು. ಪದ ತಿಳಿಸಬೇಕಾದದ್ದು ಅದನ್ನೇ.

ಕರಡಿನಲ್ಲಿ ಎರಡು ಬಗೆಯ ದುಡ್ಡಿಗೂ ಆ ಒಂದೇ ಹೆಸರಿದೆ. ವಕೀಲರು ಕರೆದಾಗ ಸಿಗಬೇಕು, ಎದುರು ಕಕ್ಷಿಯ ಕಡೆ ಹೋಗಬಾರದು ಅಂತ ತಿಂಗಳಿಗಿಷ್ಟು ಕೊಡುವುದು ಒಂದು. ಆ ತಿಂಗಳು ಒಂದು ನೋಟಿಸಿಗೂ ಉತ್ತರ ಬರೆಸದಿದ್ದರೂ ಅದು ವಕೀಲರದೇ. ಇನ್ನೊಂದನ್ನು ಕೆಲಸ ಆದಹಾಗೆಲ್ಲ ಫೀಸಿಗೆ ವಜಾ ಮಾಡಿಕೊಂಡು, ಮಿಕ್ಕದ್ದನ್ನು ಸಂಘಕ್ಕೆ ಹಿಂದಿರುಗಿಸಬೇಕು. ಈ ಎರಡನೆಯದಕ್ಕೆ ‘ಮುಂಗಡ’ ಸಾಕು. ‘ಠೇವಣಿ’ ಎಂದರೆ ನಮ್ಮ ಜನ ಬಡ್ಡಿ ಕೇಳುತ್ತಾರೆ.

ಮೊದಲನೆಯದೇ ಕಷ್ಟ. ‘ತಿಂಗಳ ಸಂಬಳ’ ಅನ್ನುವಂತಿಲ್ಲ. ವೃತ್ತಿಯಲ್ಲಿರುವ ವಕೀಲರು ಪೂರ್ಣಾವಧಿ ಸಂಬಳದ ನೌಕರರಾಗಿರಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ ಹೇಳುತ್ತದೆ. ಕರಾರಿನಲ್ಲಿ ಆ ಮಾತು ಬಂದರೆ ಅವರಿಗೇ ತೊಂದರೆ. ಕೆಲವರು ‘ವಕಾಲತ್ತು ಕರಾರು’ ಅಂದರು, ಅದೂ ಸರಿಯಲ್ಲ. ವಕಾಲತ್ತುನಾಮೆ ಅಂದರೆ ‘ಈ ವಕೀಲರು ನಮ್ಮ ಪರ’ ಎಂದು ನ್ಯಾಯಾಲಯಕ್ಕೆ ಹಾಕುವ ಕಾಗದ. ತಿಂಗಳ ಫೀಸು ಪಡೆಯುವ ವಕೀಲರೂ ಸಂಘದ ಪರ ಪ್ರತಿ ದಾವೆಗೂ ಅದನ್ನು ಬೇರೆಯಾಗಿ ಹಾಕಲೇಬೇಕು. ರಿಟೈನರ್ ಕರಾರು ಇಬ್ಬರ ನಡುವೆಯೇ ಇರುತ್ತದೆ.

ಅರ್ಥದಲ್ಲಿ ತೀರ ಹತ್ತಿರ ಬರುವುದು ‘ಆಯ’. ಕಣದಲ್ಲಿ ರಾಶಿ ಆದಾಗ ಕಮ್ಮಾರರಿಗೆ, ಬಡಗಿಗಳಿಗೆ ಇಷ್ಟು ಕಾಳು ಅಂತ ಅಳೆದು ಕೊಡುತ್ತಿದ್ದರಲ್ಲ, ಅದು. ವರ್ಷದಲ್ಲಿ ಎಷ್ಟು ಸಲ ಕುಳ ತಟ್ಟಿಸಿದರು ಅನ್ನುವ ಲೆಕ್ಕ ಅಲ್ಲಿಲ್ಲ, ಬೇಕಾದಾಗ ಕೆಲಸ ಆಗಬೇಕು ಅಷ್ಟೆ. ಆದರೆ ಆ ಮಾತಿಗೆ ಜಾತಿಯ ಮೇಲುಕೀಳು ಅಂಟಿಕೊಂಡಿದೆ. ಆಯಕ್ಕೆ ಕೈಯೊಡ್ಡಿ ನಿಂತವರ ಮಕ್ಕಳು ಇವತ್ತು ಅದೇ ಸಂಘದ ಸದಸ್ಯರು. ಅವರ ಮುಂದೆ ಆ ಪದವನ್ನು ಓದಲು ನನಗೆ ಮನಸ್ಸಿಲ್ಲ. ಮೈಸೂರಿನ ಮನೆಗಳ ‘ವರ್ತನೆ ಹಾಲು’, ‘ವರ್ತನೆ ಹೂವು’ ಕೂಡ ನೆನಪಾದವು; ಅಲ್ಲಿ ಕೊಟ್ಟಷ್ಟು ಮಾಲಿಗೆ ತಿಂಗಳ ಲೆಕ್ಕ, ಹಾಗಾಗಿ ಹೊಂದುವುದಿಲ್ಲ.

ನನ್ನ ಒಲವು ‘ಗೊತ್ತುಮಾಡು’ ಕಡೆಗೆ. “ಮದ್ದೂರಲ್ಲಿ ಒಬ್ಬ ಲಾಯರ್‌ನ ಗೊತ್ತುಮಾಡಿಕೊಂಡಿದ್ದೀವಿ” ಅನ್ನುವುದು ಈಗಲೂ ಬಾಯಲ್ಲಿರುವ ಮಾತು. ಹಾಗಾಗಿ ಶೀರ್ಷಿಕೆಗೆ ‘ವಕೀಲರನ್ನು ಗೊತ್ತುಮಾಡಿಕೊಂಡ ಕರಾರು’, ತಿಂಗಳ ಹಣಕ್ಕೆ ‘ಗೊತ್ತು ಫೀಸು’ ಎಂದು ಬರೆದು, ಪಕ್ಕದಲ್ಲೇ ‘ಇದು ಹಿಂದಿರುಗುವುದಿಲ್ಲ’ ಎಂದು ಸೇರಿಸಿದ್ದೇನೆ. ‘ಗೊತ್ತುವಳಿ’ ಅನ್ನೋಣವೆಂದರೆ ಸಂಘಗಳಲ್ಲಿ ಅದು ಠರಾವಿಗೆ ಸಲ್ಲುವ ಪದ, ಗೊಂದಲವಾದೀತು.

ಮಂಡ್ಯ, ಶ್ರೀರಂಗಪಟ್ಟಣ, ಮೈಸೂರಿನ ಕೋರ್ಟುಗಳಲ್ಲಿ ಹಳೆಯ ವಕೀಲರು, ಅವರ ಗುಮಾಸ್ತರು ಈ ತಿಂಗಳ ಫೀಸಿಗೆ ಯಾವ ಹೆಸರು ಹೇಳುತ್ತಿದ್ದರು? ಲೆಕ್ಕದ ಪುಸ್ತಕದಲ್ಲಿ ಯಾವ ತಲೆಬರಹದಡಿ ಬರೆಯುತ್ತಿದ್ದರು? ಬಲ್ಲವರು ದಯವಿಟ್ಟು ತಿಳಿಸಿ. ‘ಗೊತ್ತು ಫೀಸು’ ಕಿವಿಗೆ ಒರಟಾಯಿತು ಅನ್ನಿಸಿದರೆ ಅದನ್ನೂ ಹೇಳಿ.